ಎಚ್ ಎಂಬ ಗಂಟೆ

ಬೀದಿಯವರಿಗೆಲ್ಲ ಅವರು ವೈರ್‌ಲೆಸ್ ಮಾವ. ಸೈನ್ಯದಲ್ಲಿ ವೈರ್‌ಲೆಸ್ ಸಂದೇಶ ಕಳಿಸುವ ಕೆಲಸ ಬಿಟ್ಟು ಯಾವ ಕಾಲವಾಗಿತ್ತೋ, ಸೈನ್ಯ ಮಾತ್ರ ಪುಣ್ಯಾತ್ಮನನ್ನು ಬಿಟ್ಟಿರಲಿಲ್ಲ. ಮನೆಯವರು ಎಲ್ಲಿಗೆ ಹೊರಟರೂ ಹೊರಡುವ ಗಳಿಗೆಗೆ ‘ಎಚ್’ ಎಂದು ಹೆಸರು. ಎಚ್‌ಗೆ ಮುಂಚೆ ಗ್ಯಾಸ್ ಆರಿಸಬೇಕು, ಕಿಟಕಿ ಹಾಕಬೇಕು. ಎಚ್ ಆದ ಮೇಲೆ ಬೀಗದ ಕೈ ಹೆಂಡತಿಯ ಹತ್ತಿರ, ಅದು ಖಾಯಂ.

“ನಿಮ್ಮ ಎಚ್ ಬರೋಷ್ಟ್ರಲ್ಲಿ ನಾನು ಬಾಚಿದ ತಲೆ ಮತ್ತೆ ಕೆದರಿರುತ್ತೆ” ಎಂದು ಆಕೆ ರೇಗಿಸುತ್ತಿದ್ದಳು.

ಈಗ ಆಕೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಯಂತ್ರ ಉಸಿರಾಡಿಸುತ್ತಿತ್ತು. ಮೆದುಳು ಪೂರ್ತಿ ನಿಂತಿದೆ, ಯಂತ್ರ ಯಾವಾಗ ನಿಲ್ಲಿಸಲಿ ಎಂದು ನೀವೇ ಹೇಳಿ ಎಂದಿದ್ದರು ಡಾಕ್ಟರು. ಮಾವನಿಗೆ ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂಬ ಬೇಜಾರೂ ಆಗಲಿಲ್ಲ.

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಿಂದ ಮಗಳು ಕೇಳಿದಳು, “ಅಪ್ಪಾ, ಈ ಎಚ್ ಅಂದ್ರೆ ಏನು? ಇಷ್ಟು ವರ್ಷ ಕೇಳೇ ಇಲ್ಲ ನೋಡು.”

“ಇಂಗ್ಲಿಷಲ್ಲಿ ಗಂಟೆಗೆ ‘ಅವರ್’ ಅಂತಾರಲ್ಲ, ಅದರ ಮೊದಲನೇ ಅಕ್ಷರ, ಅಷ್ಟೇ. ಹಳೇ ಮಹಾಯುದ್ಧದ ಕಾಲದ್ದು. ದಾಳಿ ಎಷ್ಟೊತ್ತಿಗೆ ಅಂತ ಮೊದಲೇ ಬರೆದಿಟ್ರೆ ಶತ್ರು ಕಿವಿಗೆ ಬೀಳುತ್ತೆ. ಅದಕ್ಕೇ ಗಂಟೆ ಜಾಗದಲ್ಲಿ ಎಚ್ ಅಂತ ಹಾಕಿ, ಅದಕ್ಕಿಂತ ಮುಂಚೆ ಏನು, ಆದ್ಮೇಲೆ ಏನು ಅಂತಷ್ಟೇ ತಿಳಿಸೋರು.”

“ಮತ್ತೆ ಗಂಟೆ ಯಾರು ಹೇಳ್ತಿದ್ರು?”

“ಮೇಲಿನೋರು. ನಾನು ಬರೀ ದಾಟಿಸೋನು.”

ಮಗಳು ಅಮ್ಮನ ಕಡೆ ನೋಡಿದಳು. “ಇಲ್ಲಿ ಮೇಲಿನೋರು ನೀನೇ ಅಲ್ವಾ ಅಪ್ಪಾ” ಎಂದಳು.

ಮಾವ ಎದ್ದು ಎಚ್‌ಗೆ ಮುಂಚಿನ ಕೆಲಸಗಳಿಗೆ ಕೈಹಾಕಿದರು. ಭಾವಮೈದುನನಿಗೆ ಫೋನ್ ಮಾಡಿದರು. ಮನೆಗೆ ಹೋಗಿ ಆಕೆ ಹೊದೆಯುತ್ತಿದ್ದ ಹಳೆಯ ರಗ್ಗನ್ನೂ ಬಾಚಣಿಗೆಯನ್ನೂ ತಂದರು. ರಗ್ಗು ಹೊದಿಸಿ, ಕೊಳವೆಗೆ ತಾಗದಂತೆ ನಿಧಾನವಾಗಿ ತಲೆ ಬಾಚಿದರು. ಒಂದು ಕೂದಲೂ ಕೆದರಲಿಲ್ಲ. ಅಷ್ಟರಲ್ಲಿ ಭಾವಮೈದುನನೂ ಬಂದ. ಮುಂಚೆ ಮಾಡಬೇಕಾದ ಕೆಲಸ ಇನ್ನೊಂದು ಸಿಕ್ಕೀತೇ ಎಂದು ಮಾವ ಕೋಣೆಯೆಲ್ಲ ಹುಡುಕಿದರು. ಏನೂ ಉಳಿದಿರಲಿಲ್ಲ.

ಡಾಕ್ಟರು ಬಾಗಿಲಲ್ಲಿ ನಿಂತಿದ್ದರು.

“ಈಗ” ಎಂದರು ಮಾವ.

ಯಂತ್ರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ತಲೆ ಅಲ್ಲಾಡಿಸಿ ಹೊರಗೆ ಹೋದರು.

ಭಾವಮೈದುನ ಕಣ್ಣೊರೆಸಿಕೊಂಡು ಫೋನ್ ತೆಗೆದ. “ಎಲ್ರಿಗೂ ತಿಳಿಸ್ಬೇಕು. ಅಕ್ಕ ಹೋದಾಗ ಎಷ್ಟು ಗಂಟೆ ಭಾವ?”

ವಾಚು ಮಾವನ ಕೈಯಲ್ಲೇ ಇತ್ತು. ಅವರು ನೋಡಿರಲಿಲ್ಲ. ಈಗಲೂ ನೋಡಲಿಲ್ಲ.

“ಎಚ್” ಎಂದರು. ಆಮೇಲೆ ಮಗಳ ಕಡೆ ತಿರುಗಿ, ಮನೆಯಿಂದ ಹೊರಟಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದರು, “ಬೀಗದ ಕೈ ಯಾರ ಹತ್ರ ಇದೆ?”