ಗದಿಗೆವ್ವ ಒಬ್ಬಾಕಿನ

ಸಿಟ್ಟು ನನಗೆ ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ನಾಲ್ಕುನೂರ ಹನ್ನೆರಡು ಮಂದಿಯ ಹೆಸರಿರಬೇಕಾದ ಕಡೆ ಬರೀ ಪ್ರಶ್ನೆ ಚಿಹ್ನೆ ಕಂಡರೆ ಯಾರಿಗೆ ಬರುವುದಿಲ್ಲ ಹೇಳಿ? ಸೋಮವಾರ ಬೆಳಿಗ್ಗೆ, ಬೆಟಗೇರಿಯ ನಮ್ಮ ನೇಕಾರರ ಸಂಘದ ಆಫೀಸಿನಲ್ಲಿ, ಕಾರ್ಯದರ್ಶಿ ಕೊಟ್ರೇಶ ಅವರ ಎದುರಿಗೇ ಕಂಪ್ಯೂಟರಿನಲ್ಲಿ ಮತದಾರರ ಪಟ್ಟಿಯ ಪುಟ ತೆರೆದೆ. ಒಂದೂ ಹೆಸರಿಲ್ಲ. ಮೇಲಿಂದ ಕೆಳಗಿನವರೆಗೂ ????? ಅಷ್ಟೇ.

ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾರಿ ಆತಲ್ಲ ಅಫ್ರೀನಾ! ಹಳೀ ಇಂಗ್ಲೀಷ್ ಪಟ್ಟಿ ಐತಲ್ಲ, ಅದನ್ನ ಹಾಕು. ಐತ್ವಾರ ಸಂಘದ ಚುನಾವಣಿ, ಬುಧವಾರ ಐದಕ್ಕ ಬಾಗಲಿಗೆ ಹಚ್ಚಬೇಕು."

"ಹಾಕೂದಿಲ್ಲರಿ," ಎಂದೆ. "ಬುಧವಾರ ಐದಕ್ಕ ಪಟ್ಟಿ ಬರತೈತಿ. ಕನ್ನಡದಾಗ ಬರತೈತಿ."

ಈ ಹಟಕ್ಕೆ ಕಾರಣ ನಮ್ಮ ಓಣಿಯ ಗದಿಗೆವ್ವ. ಅರವತ್ತು ದಾಟಿದರೂ ಮಗ್ಗ ಬಿಟ್ಟಿಲ್ಲ. ಹೋದ ಚುನಾವಣೆಯಲ್ಲಿ ಪೆಟ್ಟಿಗೆಯೊಳಗಿನ ಸೀರೆ ತೆಗೆದುಟ್ಟುಕೊಂಡು ಬಂದವಳನ್ನು, "ನಿನ್ನ ವೋಟು ಆಗಲೇ ಬಿದ್ದೈತಿ, ಹೋಗು" ಎಂದು ಹೊಳ್ಳಿ ಕಳಿಸಿದ್ದರು. ಪಟ್ಟಿ ಇಂಗ್ಲಿಷಿನಲ್ಲಿತ್ತು, ಕನ್ನಡ ಮಾತ್ರ ಕೂಡಿಸಿ ಓದುವ ಅವಳಿಗೆ ಅದರಲ್ಲಿ ತನ್ನ ಹೆಸರು ಯಾವುದೆಂದೇ ತಿಳಿಯಲಿಲ್ಲ. ಈ ಸಲ ಕನ್ನಡದಲ್ಲೇ ಇರುತ್ತದೆ, ನಿನ್ನ ವೋಟು ನೀನೇ ಹಾಕುತ್ತೀ ಎಂದು ನಾನು ಮಾತು ಕೊಟ್ಟಿದ್ದೆ.

ಹುಬ್ಬಳ್ಳಿಯಿಂದ ಸಿದ್ಧ ಸಾಫ್ಟ್‌ವೇರ್ ತರಿಸೋಣ ಎಂದವರಿಗೆ ಬೇಡವೆಂದವಳೂ ನಾನೇ. ಪುಟವನ್ನು ಜಾವಾ ಭಾಷೆಯಲ್ಲಿ ಬರೆದು, ಡೇಟಾಬೇಸಿಗೆ ಹೇಳಬೇಕಾದ್ದನ್ನೆಲ್ಲ ನನ್ನ ಕೈಯಾರೆ ಎಸ್‌ಕ್ಯೂಎಲ್‌ನಲ್ಲಿ ಬರೆದಿದ್ದೆ. ಆ ಸಾಲಿನಲ್ಲಿ ಹೆಸರು ಬರಬೇಕಾದ ಕಡೆ ಒಂದು ಪ್ರಶ್ನೆ ಚಿಹ್ನೆ ಇಡುತ್ತೇವೆ. ಲಕ್ಷ್ಮೇಶ್ವರದ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದಿಲ್ಲವೇ, ಹಾಗೆ. ಆಮೇಲೆ ಜಾವಾ ಅಲ್ಲಿ ಹೆಸರನ್ನು ಕೂರಿಸುತ್ತದೆ. ಸೀಟು ಹಿಡಿದ ಚಿಹ್ನೆಯೇ ಒಳಗೆ ಹೋಗಿ ಕುಳಿತಿದೆ ಎಂದುಕೊಂಡು ನನ್ನದೇ ಸಾಲುಗಳ ಜೊತೆ ಒಂದು ತಾಸು ಜಗಳಾಡಿದೆ.

ಅಲ್ಲ! ಹಾಗಿದ್ದರೆ ಹೆಸರಿಗೆ ಒಂದೇ ಚಿಹ್ನೆ ಇರಬೇಕಿತ್ತು. ಇಲ್ಲಿ ನೂರೀನ ಎಂಬಲ್ಲಿ ಐದು, ಗದಿಗೆವ್ವ ಎಂಬಲ್ಲಿ ಎಂಟು. ಗುಡಿಸು, ಒತ್ತು ಎಲ್ಲ ಸೇರಿಸಿ ಎಣಿಸಿದರೆ ಸರಿಹೋಗುತ್ತದೆ. ಅಂದರೆ ಹೆಸರುಗಳು ಹೊರಟಿವೆ, ದಾರಿಯಲ್ಲಿ ಕೆಟ್ಟಿವೆ. ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಸಾಲಿನಲ್ಲಿ ವಿಳಾಸ ಕೊಟ್ಟಿದ್ದೆ, ಪಾಸ್‌ವರ್ಡ್ ಕೊಟ್ಟಿದ್ದೆ, ಯಾವ ಲಿಪಿ ಬರುತ್ತದೆಂದು ಹೇಳಿರಲಿಲ್ಲ. ಎಲ್ಲ ಲಿಪಿಗೂ ಸಲ್ಲುವ ಯುಟಿಎಫ್-8 ಎಂದು ಸೇರಿಸಿ, ಡೇಟಾಬೇಸಿನಲ್ಲಿ ಹೆಸರು ಕೂರುವ ಟೇಬಲ್ಲಿಗೂ ಅದನ್ನೇ ತಿಳಿಸಿದೆ. ಗದಿಗೆವ್ವ ಎಂದು ಹಾಕಿದೆ. ಗದಿಗೆವ್ವ ಎಂದೇ ಬಂತು. ಮೇಜು ಕುಟ್ಟಿ ನನಗೆ ನಾನೇ ಭಲೇ ಎಂದುಕೊಂಡೆ.

ಆದರೆ ಮೊದಲು ಕೆಟ್ಟವು ತಿರುಗಿ ಬರುವುದಿಲ್ಲ. ಒಂದು ಹೆಸರನ್ನೂ ತೆರೆದು ನೋಡದೆ ಎಲ್ಲವನ್ನೂ ತುಂಬಿದ್ದು ನನ್ನದೇ ದಡ್ಡತನ. ಮತ್ತೆ ಅಷ್ಟನ್ನೂ ಟೈಪು ಮಾಡಬೇಕು. ಸುದ್ದಿ ಕೇಳಿ ಗದಿಗೆವ್ವ ತಾನೇ ಬಂದು ಪಕ್ಕದಲ್ಲಿ ಕುಳಿತಳು. ನಾನು ಹಳೆಯ ಪಟ್ಟಿಯಿಂದ ಹೆಸರು, ಮನೆಯವರ ಹೆಸರು, ಓಣಿ ಓದುವುದು. ಆಕೆ ಅದನ್ನು ಸರಿಯಾಗಿ ಹೇಳುವುದು. ಊರ ನೇಕಾರರೆಲ್ಲ ಅವಳ ನಾಲಿಗೆಯ ಮೇಲೇ ಇದ್ದರು.

ಬುಧವಾರ ಮಧ್ಯಾಹ್ನ ನಾನು ಓದಿದೆ: "ಗಡಿಗೇವಾ, ಗಂಡ ಅಂದಪ್ಪ, ಗುಡಿ ಓಣಿ."

"ಅದು ನಾನಲ್ಲೇನ? ಸೋಮಾರ ಒಮ್ಮೆ ಬರದಿ, ನಿನ್ನೆ ಒಮ್ಮೆ ಬರದಿ. ಎಷ್ಟು ಸಲ ಬರೀತಿ ಮಗಳ?"

ನನ್ನ ಕೈ ನಿಂತಿತು. ಸದಸ್ಯ ಸಂಖ್ಯೆ ಬೇರೆ, ಇಂಗ್ಲಿಷ್ ಕಾಗುಣಿತ ಬೇರೆ, ಹೆಂಗಸು ಒಬ್ಬಳೇ. ಮೊದಲ ಸಲ ತಲೆ ತಗ್ಗಿಸಿ ಟೈಪು ಮಾಡಿದವಳಿಗೆ ಇದು ಹೊಳೆದೇ ಇರಲಿಲ್ಲ. ಉಳಿದ ಹೆಸರುಗಳನ್ನು ಮುಗಿಸಿ ಒಂದು ಸಾಲು ಎಸ್‌ಕ್ಯೂಎಲ್ ಬರೆದೆ: ಹೆಸರು, ಮನೆಯವರು, ಓಣಿ ಮೂರೂ ಒಂದೇ ಆಗಿ, ಒಂದಕ್ಕಿಂತ ಹೆಚ್ಚು ಸಲ ಇರುವವರನ್ನು ತೋರಿಸು. ಇಪ್ಪತ್ತಮೂರು ಹೆಸರು ಹೆಚ್ಚಿಗೆ ಇದ್ದವು. ಹೋದ ಚುನಾವಣೆಯ ಕಡತ ತೆಗೆದು ನೋಡಿದರೆ ಗದಿಗೆವ್ವನ ಮೂರೂ ಹೆಸರಿನ ಮುಂದೆ ವೋಟು ಹಾಕಿದ ಗುರುತಿತ್ತು.

"ಮೂರು ವೋಟು ಹಾಕೀನೇನ ನಾನು? ಒಂದು ಹಾಕಾಕ ಬಂದಾಕಿನ್ನ ಹೊಳ್ಳಿ ಕಳಿಸಿದ್ರಲ್ಲ ಬಾಡ್ಯಾಗೋಳು!"

ಅವಳ ದನಿಗೆ ಕೊಟ್ರೇಶ ಒಳಗಿನಿಂದ ಬಂದರು. ಪರದೆ ನೋಡಿದರು. ಈ ಸಲ ನಗಲಿಲ್ಲ. "ಅದನ್ನ ಅಳಿಸು ತಂಗಿ. ಹಳೀ ಪಟ್ಟಿ ಹಚ್ಚು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೆದರಿಕೆಗಿಂತ ಹೆಚ್ಚು ಮೈ ಉರಿಯಿತು.

"ಆತ್ರಿ, ನಾಳಿ ಬರೂದಿಲ್ಲ," ಎಂದೆ. "ಇವತ್ತು ಇನ್ನೂ ಮುಗದಿಲ್ಲಲ್ಲರಿ."

ಹೆಚ್ಚಿನ ಹೆಸರುಗಳನ್ನು ಬೇರೆ ಹಾಳೆಗೆ ಹಾಕಿ ಪ್ರಿಂಟ್ ಒತ್ತಿದೆ. ಕೊಟ್ರೇಶ ಸ್ವಿಚ್ಚಿನ ಕಡೆ ನಡೆದರು. ಅವರಿಗಿಂತ ಮೊದಲು ಗದಿಗೆವ್ವ ಕುರ್ಚಿ ಎಳೆದು ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಸ್ವಿಚ್ಚು ಅವಳ ಹಿಂದೆ ಮುಚ್ಚಿಹೋಯಿತು. "ನನ್ನ ಎಬ್ಬಸ್ರಿ ನೋಡೂಣು," ಎಂದಳು. ಅವರು ಎಬ್ಬಿಸಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಮುನ್ನೂರ ಎಂಬತ್ತೊಂಬತ್ತು ಹೆಸರಿನ ಪಟ್ಟಿ ಬಾಗಿಲಿಗೆ ಬಿತ್ತು. ಪಕ್ಕದಲ್ಲಿ ಇಪ್ಪತ್ತಮೂರು ಹೆಚ್ಚಿನ ಹೆಸರಿನ ಹಾಳೆಯನ್ನೂ ಅಂಟಿಸಿದೆ. ಮಗ್ಗ ಬಿಟ್ಟು ಬಂದ ಜನ ತುಂಬಿ, ಜೋರಾಗಿ ಓದತೊಡಗಿದರು. ಗದಿಗೆವ್ವ ಬೆರಳಿಟ್ಟು ತನ್ನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಬಾಗಿಲಲ್ಲಿ ನಿಂತಿದ್ದ ಕೊಟ್ರೇಶರ ಕಡೆ ತಿರುಗಿದಳು.

"ಐತ್ವಾರ ಬರ್ತೀನ್ರಿ ವೋಟು ಹಾಕಾಕ. ನನಗಿಂತ ಮೊದಲ ಯಾರರ ಗದಿಗೆವ್ವ ಅಂತ ಬಂದ್ರ ಕುಂಡ್ರಿಸಿರ್ರಿ. ಆಕಿ ಮಾರಿ ನಾನೂ ಒಮ್ಮೆ ನೋಡಬೇಕು."