ದೀಪದಮ್ಮನ ಸಾಕ್ಷಿ, ಮೂರನೇ ಡ್ರಾಫ್ಟು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಜಗಳದ ವಿಷಯ. ದ್ವೀಪದ ವ್ಯಾಜ್ಯದಲ್ಲಿ ಯಾರು ಹೆಚ್ಚು ಹಿಂದಿನಿಂದ ಶುರು ಮಾಡುತ್ತಾರೋ ಅವರ ಕೈ ಮೇಲು. ಈ ದೇಶದವರು ರಾಜನ ಕಾಲದ ನಕ್ಷೆ ಬಿಡಿಸಿಟ್ಟರೆ, ಆ ದೇಶದವರು ಅವನ ಮುತ್ತಜ್ಜನ ಕಾಲದ ರಾಣಿಯನ್ನು ಎಬ್ಬಿಸಿ ತರುತ್ತಾರೆ. ನಾನೂ ಮೊದಲ ಡ್ರಾಫ್ಟನ್ನು ರಾಜನಿಂದಲೇ ಶುರು ಮಾಡಿದ್ದೆ. ನಾಲ್ಕು ಪುಟ ಆಗುವಷ್ಟರಲ್ಲಿ ಎರಡು ಒಪ್ಪಂದ, ಒಂದು ಯುದ್ಧ, ಒಂದು ಮದುವೆ ಮುಗಿದಿದ್ದವು. ಹೆಂಡತಿ ಓದಿ, "ಎಲ್ಲಾ ಸರಿ, ಈ ದ್ವೀಪದಲ್ಲಿ ಯಾರಾದ್ರೂ ಇದ್ರಾ?" ಅಂದಳು.

(ಹರಿದು ಹಾಕಿದೆ. ಅಂದರೆ ಡಿಲೀಟ್ ಒತ್ತಿದೆ. ಹರಿಯುವ ಸುಖ ಈಗೆಲ್ಲಿ?)

೨

ಇದ್ದರು. ಲೈಟ್‌ಹೌಸ್ ನೋಡಿಕೊಳ್ಳುವವರೊಬ್ಬರು, ಅವರ ಹೆಂಡತಿ. ಇಬ್ಬರೂ ಈ ದೇಶದವರು. ಒಮ್ಮೆ ಗಾಳಿ ಎದ್ದ ವಾರ ಗಂಡ ಜ್ವರ ಬಂದು ತೀರಿಕೊಂಡರು. ಸಮುದ್ರ ಕೆಟ್ಟಿತ್ತು, ಈ ಕಡೆಯಿಂದ ದೋಣಿ ಬರಲಿಲ್ಲ. ಆಸರೆಗೆಂದು ದಡಕ್ಕೆ ಬಂದು ಸಿಕ್ಕಿಬಿದ್ದಿದ್ದ ಆ ದೇಶದ ಮೀನುಗಾರರೇ ಗುಂಡಿ ತೋಡಿ ಮಣ್ಣು ಮಾಡಿದರು. ಹೆಂಡತಿ ಮಣ್ಣಿಗೆ ಹೋಗಲಿಲ್ಲ. ಹೊತ್ತು ಮುಳುಗುತ್ತಿತ್ತು, ಹಡಗುಗಳು ದಾರಿಯಲ್ಲಿದ್ದವು, ದೀಪ ಹಚ್ಚಲು ಇನ್ಯಾರೂ ಇರಲಿಲ್ಲ. ಆಗಿನದು ಎಣ್ಣೆಯ ದೀಪ, ಬಿಟ್ಟು ಏಳುವ ಹಾಗಿಲ್ಲ. ಮರುದಿನ ಈ ಕಡೆಯ ದೋಣಿ ಬಂದು ಆಕೆಯನ್ನು ಕರೆದೊಯ್ಯಿತು. ಹೊರಡುವಾಗ ಒಂದು ಮಣ್ಣಿನ ದಿಬ್ಬ ಕಂಡಿತು, ಅಷ್ಟೆ. ಆಮೇಲೆ ದ್ವೀಪಕ್ಕೆ ಆ ದೇಶ ಕಾವಲು ಹಾಕಿತು. ಯಾರನ್ನೂ ಬಿಡುವುದಿಲ್ಲ.

ಈಗ ಆಕೆ ಮುದುಕಿ. ಕೇರಿಯವರಿಗೆಲ್ಲ ದೀಪದಮ್ಮ. ಸಾಯುವುದರೊಳಗೆ ಒಮ್ಮೆ ಆ ದಿಬ್ಬದ ಪಕ್ಕ ಕೂರಬೇಕು, ಅದೊಂದೇ ಆಸೆ.

೩

ಈ ದೇಶದ ವಕೀಲರು ದೀಪದಮ್ಮನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹೇಳಿದರು:

"ಗುಂಡಿ ತೋಡಿದ್ದು ಯಾರು ಅಂತ ಕೋರ್ಟಲ್ಲಿ ಕೇಳ್ತಾರೆ. ನೆನಪಿಲ್ಲ ಅನ್ನಿ. ಸತ್ತೋರಿಗೆ ಮಣ್ಣು ಕೊಡೋದು ಆಳೋರ ಕೆಲಸ, ಗುಂಡಿ ತೋಡಿದ್ದು ತಾವು ಅಂದ್ಮೇಲೆ ದ್ವೀಪ ತಮ್ಮದು ಅಂತ ಆ ದೇಶದೋರ ವಾದ."

"ಗೆದ್ರೆ?"

"ಸರ್ಕಾರಿ ದೋಣೀಲೇ ನಿಮ್ಮನ್ನ ಕರ್ಕೊಂಡು ಹೋಗ್ತೀವಿ."

"ಸೋತ್ರೆ?"

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ದೇಶದ ಅನ್ನ ಉಂಡಿದ್ದೀರಮ್ಮ. ಉಂಡ ಮನೆಗೆ ಎರಡು ಬಗೀಬೇಡಿ."

ಎರಡನೇ ಡ್ರಾಫ್ಟಿನಲ್ಲಿ ದೀಪದಮ್ಮನಿಂದ "ನೆನಪಿಲ್ಲ" ಅನ್ನಿಸಿದೆ. ದೇಶ ಗೆದ್ದಿತು, ದೋಣಿ ಹೊರಟಿತು, ಆಕೆ ದಿಬ್ಬದ ಪಕ್ಕ ಕೂತರು. ಟೈಪ್ ಮಾಡುತ್ತಾ ನಾನೇ ಅತ್ತೆ. (ನನ್ನ ಬರವಣಿಗೆಗೆ ಅಳುವವನು ಸದ್ಯಕ್ಕೆ ನಾನೊಬ್ಬನೇ.) ಆಗ ದೀಪದಮ್ಮ ತಿರುಗಿ ನನ್ನನ್ನೇ ಕೇಳಿದರು:

"ಅವರು ತೋಡಿಲ್ಲ ಅಂದ್ರೆ ಇನ್ಯಾರಪ್ಪಾ ತೋಡಿದ್ದು? ನಮ್ಮನೆಯೋರು ತಮ್ಮಷ್ಟಕ್ಕೆ ತಾವೇ ಹೋಗಿ ಮಲ್ಕೊಂಡ್ರಾ?"

"ಕಥೆ ಅಲ್ವಾಮ್ಮ, ಸ್ವಲ್ಪ ಹೊಂದಿಸ್ಕೊಳ್ಳಿ."

"ನೀನು ಹೊಂದಿಸ್ಕೋ. ವಯಸ್ಸಲ್ಲಿ ಚಿಕ್ಕೋನು."

೫

(ನಾಲ್ಕರಲ್ಲಿ ಅಂತರರಾಷ್ಟ್ರೀಯ ಕಾನೂನು ಇತ್ತು. ಹೆಂಡತಿ ಅದನ್ನು ಹಾರಿಸಿ ಓದಿದಳು. ನಿಮಗೂ ಅದೇ ಅನುಕೂಲ ಮಾಡಿಕೊಟ್ಟಿದ್ದೇನೆ.)

ಕೋರ್ಟು. ಆ ದೇಶದ ಬೆಂಚಿನಲ್ಲಿ ಅವರ ಸಾಕ್ಷಿ ಕೂತಿದ್ದರು. ಗುಂಡಿ ತೋಡಿದವರಲ್ಲಿ ಉಳಿದಿರುವ ಒಬ್ಬರೇ ಒಬ್ಬರು, ಮುದುಕ ಮೀನುಗಾರ. ಗುಂಡಿ ತೋಡಿದ್ದೆ ಅಂತ ಅವರು ಅಂದರೆ ಅದು ಬರೀ ಅವರ ಕಡೆಯ ಮಾತು. ಅದನ್ನೇ ದೀಪದಮ್ಮ ಹೇಳಿದರೆ ಸತ್ಯ.

"ಗುಂಡಿ ತೋಡಿದ್ದು ಯಾರು?"

"ಅಗೋ, ಅಲ್ಲಿ ಕೂತಿದಾರಲ್ಲ, ಅವರು. ಜೊತೆಗೆ ಇನ್ನೂ ಕೆಲವರಿದ್ರು."

ವಕೀಲರು ಹಣೆ ಹಿಡಿದುಕೊಂಡರು. ದ್ವೀಪಕ್ಕೆ ಹೋಗುವ ಆಸೆಯನ್ನು ದೀಪದಮ್ಮ ಆ ಒಂದು ಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ನನಗೆ ಸಂಕಟವಾಯಿತು. ಅವರಿಗೂ ಆಗಿತ್ತು.

ಆಮೇಲೆ ಜಡ್ಜುಗಳನ್ನು ಬಿಟ್ಟು ನೇರ ಆ ಮುದುಕನನ್ನೇ ಕೇಳಿದರು. ದಡದಲ್ಲಿ ನೀರು ಕೇಳಲು, ಬೆಂಕಿ ಕೇಳಲು ಎರಡೂ ಕಡೆಯವರು ಆಡುತ್ತಿದ್ದ ಕಲಬೆರಕೆ ಮಾತಿನಲ್ಲಿ. ದುಭಾಷಿಗೆ ಏನೂ ತಿಳಿಯಲಿಲ್ಲ. ನಿಮಗೆ ನಾನು ಹೇಳುತ್ತೇನೆ.

"ಅಣ್ಣಾ, ಅವರ ತಲೆ ಯಾವ ಕಡೆಗೆ ಇಟ್ರಿ?"

ಮುದುಕ ಎದ್ದು ನಿಂತರು. "ಸಮುದ್ರ ಯಾವ ಕಡೆ ಇದೆ ಇಲ್ಲಿಂದ?"

ಯಾರಿಗೂ ಗೊತ್ತಿರಲಿಲ್ಲ. ತಪ್ಪು ನನ್ನದು. ಬೆಂಚುಗಳನ್ನು ಬರೆದೆ, ಜಡ್ಜುಗಳ ನೀರಿನ ಲೋಟಗಳನ್ನು ಬರೆದೆ, ಕಿಟಕಿ ಇಡುವುದನ್ನೇ ಮರೆತೆ. ಸಮುದ್ರದ ಮೇಲೆ ಇಷ್ಟು ದೊಡ್ಡ ಕೇಸು ಕಟ್ಟಿದವನು ಸಮುದ್ರ ಯಾವ ಕಡೆ ಅಂತ ಯೋಚಿಸಿಯೇ ಇರಲಿಲ್ಲ. ಗಡಿಬಿಡಿಯಲ್ಲಿ ಎಡಗೋಡೆಗೆ ಒಂದು ಕಿಟಕಿ ಬರೆದೆ. ಅಳಿಸಿ, ಬಲಗೋಡೆಗೆ ಬರೆದೆ. ನಿಮಗೆ ಯಾವುದು ಬೇಕೋ ಇಟ್ಟುಕೊಳ್ಳಿ ಅಂತ ಓದುಗರಿಗೇ ಬಿಡೋಣವೇ ಅಂದುಕೊಂಡೆ. ನಮ್ಮಂಥವರು ಕೈಲಾಗದಿದ್ದಾಗ ಮಾಡುವುದು ಅದನ್ನೇ.

"ಸುಮ್ನೆ ಒಂದು ದಿಕ್ಕು ಹೇಳ್ಬೇಡಪ್ಪಾ," ಅಂದರು ದೀಪದಮ್ಮ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು."

"ಗೊತ್ತಿಲ್ಲಮ್ಮ."

"ಹಾಗಾದ್ರೆ ಕೂತ್ಕೋ. ಅವರು ಹೇಳ್ತಾರೆ."

೬ (ಇಲ್ಲಿ ನಾನು ಕೂತಿದ್ದೇನೆ)

ಮುದುಕ ಬೆಂಚು ದಾಟಿ ಬಂದರು. "ನೀವು ಅವತ್ತು ಮೇಲೆ ದೀಪದ ಹತ್ರ ಇದ್ರಿ ಅಲ್ವಾ? ಈಗ್ಲೂ ಅಲ್ಲೇ ನಿಂತಿದೀರಿ ಅಂದ್ಕೊಳ್ಳಿ." ಚಪ್ಪಲಿ ಬಿಟ್ಟು, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೋರ್ಟಿನ ನೆಲದ ಮೇಲೆ ಮಲಗಿದರು. ಕಾಲು ಗೋಡೆಯ ಕಡೆ, ತಲೆ ದೀಪದಮ್ಮನ ಪಾದದ ಕಡೆ.

"ಹೀಗೆ. ನಿಮ್ಮ ಬೆಳಕಲ್ಲೇ ತೋಡಿದ್ದು. ನಿಮ್ಮ ಕಡೆಗೇ ಇಟ್ವಿ."

ಎರಡೂ ಕಡೆಯ ವಕೀಲರು ಒಟ್ಟಿಗೆ ಎದ್ದರು. ಬೆಳಕು ನಮ್ಮದು, ಬರೆದುಕೊಳ್ಳಿ ಅಂದರು ಇವರು. ಗುದ್ದಲಿ ನಮ್ಮದು, ಬರೆದುಕೊಳ್ಳಿ ಅಂದರು ಅವರು. ಜಡ್ಜುಗಳು ಎರಡನ್ನೂ ಬರೆದುಕೊಂಡರು. ತೀರ್ಪು ಏನು ಅಂತ ನನ್ನನ್ನು ಕೇಳಬೇಡಿ, ನಾನು ಬರೆಯುವುದಿಲ್ಲ. ಬರೆದ ದಿನ ಈ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಸುಳ್ಳು ಹೇಳಿದ ಹಾಗಾಗುತ್ತದೆ.

ದೀಪದಮ್ಮ ಕಟಕಟೆಯಿಂದ ಇಳಿದು, ಮಲಗಿದ್ದವರ ಪಕ್ಕ, ತಲೆಯ ಹತ್ತಿರ ಕೂತಿದ್ದಾರೆ. ಏಳಿ ಅಣ್ಣಾ, ನೆಲ ತಣ್ಣಗಿದೆ ಅನ್ನಬೇಕು ಅಂತ ಅವರಿಗೆ ಅನ್ನಿಸುತ್ತಿದೆ. ಇನ್ನೂ ಅಂದಿಲ್ಲ. ಇನ್ನು ಸ್ವಲ್ಪ ಹೊತ್ತು ಅನ್ನುವುದೂ ಇಲ್ಲ.