ಅಕ್ಕನ ಕೋಣೆ ಮತ್ತು ಒಂದು ದೇಶದ ಪ್ರವಾಸೋದ್ಯಮ

ಎಲ್ಲಿಂದ ಶುರು ಮಾಡಲಿ? ‘ಇಲಾಖೆಯ ದೂರದೃಷ್ಟಿಯ ಫಲವಾಗಿ’ ಎಂದು ಶುರು ಮಾಡಿದ್ದೆ. ಪ್ರವಾಸೋದ್ಯಮಕ್ಕೆ ಐವತ್ತು ತುಂಬಿದೆ, ಅದರ ಇತಿಹಾಸವನ್ನು ಕಥೆಯ ಹಾಗೆ ಬರೆದುಕೊಡಿ ಎಂದು ಇಲಾಖೆಯವರು ಗಂಟುಬಿದ್ದಿದ್ದರು. ಎರಡನೇ ಸಾಲಿಗೇ ನನಗೆ ಆಕಳಿಕೆ ಬಂತು. ಹರಿದು ಹಾಕಿದೆ.

೧

ನಿಜ ಹೇಳಬೇಕೆಂದರೆ, ಎಲ್ಲ ಶುರುವಾದದ್ದು ಎಣಿಕೆಯ ತಪ್ಪಿನಿಂದ. ದೇಶದ ಮೊದಲ ಗೈಡ್, ಆಗಿನ್ನೂ ಇಪ್ಪತ್ತೆರಡರ ತರುಣ, ಹಳೇ ಕೋಟೆ ತೋರಿಸಿ ಬಸ್ಸಿನಲ್ಲಿ ತಲೆ ಎಣಿಸಿದ. ಇಪ್ಪತ್ತು. ‘ರೈಟ್’ ಅಂದ. ತನ್ನ ತಲೆಯನ್ನೂ ಸೇರಿಸಿ ಎಣಿಸಿದ್ದ, ಪುಣ್ಯಾತ್ಮ.

ಪ್ರವಾಸಿಗಳನ್ನು ತಂದಿದ್ದ ಹಡಗು ಹೊರಟುಹೋದ ಮೇಲೆ ವಾಪಸ್ ಬಂದು ನೋಡಿದರೆ, ಕೋಟೆಯ ಮೆಟ್ಟಿಲ ಮೇಲೆ ಒಬ್ಬ ಪ್ರವಾಸಿ ಕ್ಯಾಮೆರಾ ತಬ್ಬಿಕೊಂಡು ಕೂತಿದ್ದಾನೆ. ಮುಂದಿನ ಹಡಗು ಎಂಟು ದಿನಕ್ಕೆ. ಊರಲ್ಲಿ ಲಾಡ್ಜ್ ಎಂಬುದೇ ಇರಲಿಲ್ಲ. ಗೈಡ್ ಅವನನ್ನು ಮನೆಗೆ ಕರೆತಂದ. ಮನೆಯಲ್ಲಿ ಕಿಟಕಿಯಿದ್ದ ಕೋಣೆ ಒಂದೇ. ಅದು ಬಟ್ಟೆ ಹೊಲಿಯುತ್ತಿದ್ದ ಅವನ ಅಕ್ಕನದು.

“ಎಂಟು ದಿನ ಅಷ್ಟೇ, ಅಕ್ಕ,” ಅಂದ ತಮ್ಮ.

ಅಕ್ಕ ಹೊಲಿಗೆ ಮಷೀನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

೨

ಆ ಪ್ರವಾಸಿ ತನ್ನೂರಿಗೆ ಹೋಗಿ ಆ ಕಿಟಕಿಯನ್ನು ಬಾಯ್ತುಂಬ ಹೊಗಳಿದ. ಮುಂದಿನ ತಿಂಗಳು ಮೂವರು ಬಂದು ಅದೇ ಕೋಣೆ ಕೇಳಿದರು. ಪಕ್ಕದ ಮನೆಯವರು ಬೋರ್ಡ್ ಹಾಕಿದರು, ಎದುರು ಮನೆಯವರು ಮಹಡಿ ಎಬ್ಬಿಸಿದರು. ಹೋಟೆಲ್ ಬಂತು, ಇಲಾಖೆ ಬಂತು, ವಿಮಾನ ನಿಲ್ದಾಣ ಬಂತು. (ಇಷ್ಟು ಹೇಳೋಕೆ ಇಲಾಖೆಯವರು ಮುನ್ನೂರು ಪುಟ ಕೊಟ್ಟಿದ್ದಾರೆ. ನಿಮ್ಮ ಅದೃಷ್ಟ, ನಾನು ಸೋಮಾರಿ.) ಕೊನೆಗೆ ಆ ಕೋಣೆಗೇ ಅಡ್ಡ ಹಗ್ಗ ಕಟ್ಟಿ, ‘ಐತಿಹಾಸಿಕ ಮಂಚ, ಮುಟ್ಟಬೇಡಿ’ ಎಂದು ಬರೆದರು.

ಅಕ್ಕ ಈಗಲೂ ಅಡುಗೆಮನೆಯಲ್ಲೇ ಮಲಗುತ್ತಾಳೆ.

೩

ಅಂತ್ಯ ಒಂದು: ಸುವರ್ಣ ಸಮಾರಂಭದಲ್ಲಿ ಅಕ್ಕನಿಗೆ ಪದಕ. ಬರೆದು ಓದಿ ಹೇಳಿದೆ. ಪದಕ ಎಲ್ಲಿಡಲಿ, ಒಲೆ ಮೇಲಾ ಎಂದು ಕೇಳಿದಳು.

ಅಂತ್ಯ ಎರಡು: ತಮ್ಮ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. ಇದಕ್ಕೆ ತಮ್ಮನೇ ಒಪ್ಪಲಿಲ್ಲ. ಪ್ರತಿ ವರ್ಷ ಕೋಣೆ ಬಿಡಿಸಿಕೊಡಬೇಕು ಅಂದುಕೊಳ್ಳುತ್ತಿದ್ದನಂತೆ, ಅಷ್ಟರಲ್ಲಿ ಸೀಸನ್ ಬಂದುಬಿಡುತ್ತಿತ್ತಂತೆ. ಹೇಳುವಾಗ ಅವನಿಗೆ ನಾಚಿಕೆಯಾಗಿತ್ತು, ಮುಖ ಎತ್ತಲಿಲ್ಲ.

“ನಂಗೆ ನನ್ನ ಕೋಣೆ ಬೇಕು,” ಅಂದಳು ಅಕ್ಕ.

ಅದು ಇತಿಹಾಸದ ಮೊದಲ ಅಧ್ಯಾಯ, ಹಾಗೆಲ್ಲ ಖಾಲಿ ಮಾಡಿಸೋಕಾಗಲ್ಲ ಅಂತ ತಿಳಿಹೇಳಿದೆ.

“ನಾನೆಲ್ಲಿ ಮಲಗ್ಬೇಕು ಅಂತ ಹೇಳೋಕೆ ನೀನ್ಯಾರಪ್ಪ?”

(ಲೇಖಕ ಎಂದು ಹೇಳಲು ಬಾಯಿ ಬರಲಿಲ್ಲ.)

೪

ಮೂರನೇ ಅಂತ್ಯ ಹುಡುಕುತ್ತ ಕೂತಿದ್ದೆ. ಅಷ್ಟರಲ್ಲಿ ಬೆಳಗಿನ ತಂಡ ಬಂತು. ಅಕ್ಕ ಏದುಸಿರು ಬಿಡುತ್ತ ಮಷೀನು ಎತ್ತಿಕೊಂಡು ತಂಡದ ಬಾಲಕ್ಕೆ ಸೇರಿಕೊಂಡಳು. ನಾನು ಬರೆದದ್ದಲ್ಲ, ಆಣೆಗೂ. ಪ್ರವಾಸಿಗಳೆಲ್ಲ ಕೋಣೆ ನೋಡಿ ಹೊರಗೆ ಬಂದರು. ತಮ್ಮ ಹೊಸಿಲ ಬಳಿ ನಿಂತು ತಲೆ ಎಣಿಸಿದ. ಆ ಮೊದಲ ತಪ್ಪಿನ ನಂತರ ಅವನು ಮೂರು ಸಲ ಎಣಿಸುತ್ತಾನೆ, ತನ್ನನ್ನು ಬಿಟ್ಟು. ಇಪ್ಪತ್ತು. ಸರಿಯಾಗಿತ್ತು. ಆದರೂ ‘ರೈಟ್’ ಅನ್ನಲು ಅವನಿಗೆ ಮನಸ್ಸು ಬರಲಿಲ್ಲ. ಹಿಂದೆ ಚಿಲಕ ಹಾಕಿದ ಸದ್ದಾಯಿತು.

“ಅಕ್ಕ, ಬಾಗ್ಲು ತೆಗಿ. ಇನ್ನೊಂದು ಬಸ್ ಬಂದಿದೆ.”

“ಎಂಟು ದಿನ ಅಷ್ಟೇ ಕಣೋ,” ಅಂದಳು ಒಳಗಿನಿಂದ.

ಪ್ರವಾಸಿಗಳು ಮುಚ್ಚಿದ ಬಾಗಿಲಿನ ಫೋಟೋ ತೆಗೆಯುತ್ತಿದ್ದಾರೆ. ಒಳಗೆ ಹೊಲಿಗೆ ಮಷೀನು ಓಡುತ್ತಿದೆ. ಈ ಕಥೆಗೆ ಅಂತ್ಯ ಬೇಕೇ ಬೇಕು ಎನ್ನುವವರು ಬಾಗಿಲು ತಟ್ಟಿ ಕೇಳಬಹುದು. ನನಗಂತೂ ಧೈರ್ಯವಿಲ್ಲ.